ಅವ್ವನ ಮೊಣಕಾಲು, ನಿನ್ನ ಗೋಲ್ಡ್ ಕಾರ್ಡು

ತಮ್ಮಾ, ನಿನಗೆ ವಿಮಾನ ಕಂಪನಿಯವರು ಗೋಲ್ಡ್ ಕಾರ್ಡು ಕೊಟ್ಟರೆಂದು ಅಣ್ಣ ಫೋನಿನಲ್ಲಿ ಹೇಳಿದ. ಖುಷಿಯಾಯಿತು. ಸುರಪುರದ ಹುಡುಗ ಅಮೆರಿಕದಲ್ಲಿ ಕೂತು ಕಂಪನಿ ಕೆಲಸಕ್ಕೆ ಊರೂರು ಹಾರುತ್ತೀ. ಪಾಯಿಂಟು ಕೂಡುತ್ತವೆ, ಕಾರ್ಡಿನ ಬಣ್ಣ ಬದಲಾಗುತ್ತದೆ, ಎಕಾನಮಿಯಲ್ಲೇ ಕಾಲಿಗೆ ನಾಲ್ಕು ಬೆರಳು ಹೆಚ್ಚು ಜಾಗ ಇರುವ ಸೀಟು ಪುಕ್ಕಟೆ ಸಿಗುತ್ತದೆ. ಸಿಕ್ಕಿದ್ದನ್ನು ಅನುಭವಿಸು. ಆದರೆ ಬಾಣಂತನಕ್ಕೆಂದು ನಿಮ್ಮವ್ವನನ್ನು ಕರೆಸಿಕೊಳ್ಳುತ್ತೀಯಂತೆ. ಆ ಟಿಕೆಟ್ ಮಾಡುವಾಗ ಮಾತ್ರ ಕಾರ್ಡನ್ನು ನಂಬಿ ಕೂಡಬೇಡ. ಆಕೆ ನನ್ನ ವೈನಿ, ಆಕೆಯ ಮೊಣಕಾಲು ಹೇಗಿದೆ ಎಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಶಹಾಪುರದ ಬಸ್ಸಿನಿಂದ ಇಳಿದ ಮೇಲೆ ಕಂಬ ಹಿಡಿದು ಸ್ವಲ್ಪ ಹೊತ್ತು ನಿಲ್ಲದೆ ಆಕೆ ಹೆಜ್ಜೆ ಎತ್ತುವುದಿಲ್ಲ.

ಕಾರ್ಡು ನಿನ್ನ ಹೆಸರಿನದು, ಅದರ ಸವಲತ್ತೂ ನಿನ್ನ ಹೆಸರಿನದೇ. ಯುನೈಟೆಡ್‌ನ ಪದ್ಧತಿಯನ್ನೇ ನೋಡು. ಗೋಲ್ಡ್ ಇದ್ದವರಿಗೆ ಎಕಾನಮಿ ಪ್ಲಸ್ ಸೀಟು ಟಿಕೆಟ್ ಮಾಡುವಾಗಲೇ ಸಿಗುತ್ತದೆ, ಅದೇ ಬುಕಿಂಗ್‌ನಲ್ಲಿ ಜೊತೆಗೆ ಹೋಗುವ ಒಬ್ಬರಿಗೂ ಸಿಗುತ್ತದೆ. ಸಿಲ್ವರ್‌ನವರು ಚೆಕ್-ಇನ್ ತೆರೆಯುವ ತನಕ ಕಾಯಬೇಕು, ಅಷ್ಟರಲ್ಲಿ ಉಳಿದಿದ್ದರೆ ಉಂಟು. ಅವ್ವ ಒಬ್ಬಳೇ ಬೇರೆ ಟಿಕೆಟಿನಲ್ಲಿ ಬಂದರೆ ನಿನ್ನ ಗೋಲ್ಡು ಆಕೆಯ ಕಾಲಿಗೆ ಒಂದಿಂಚೂ ಕೊಡುವುದಿಲ್ಲ. ಬೇರೆ ಕಂಪನಿಯ ವಿಮಾನವಾದರಂತೂ ಕೇಳಲೇ ಬೇಡ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ, ಯುನೈಟೆಡ್, ಲುಫ್ತಾನ್ಸಾ ಕೂಡ ಅದರಲ್ಲೇ ಇವೆ. ಒಂದರ ಗೋಲ್ಡು ಇನ್ನೊಂದರಲ್ಲಿ ಲೌಂಜು ಕೊಡಿಸುತ್ತದೆ, ಹೆಚ್ಚುವರಿ ಲಗೇಜು ಕೊಡಿಸುತ್ತದೆ, ಸಾಲಿನಲ್ಲಿ ಮುಂದೆ ನಿಲ್ಲಿಸುತ್ತದೆ. ಅಗಲ ಜಾಗದ ಸೀಟು ಆ ಪಟ್ಟಿಯಲ್ಲಿ ಇಲ್ಲ. ಏರ್ ಇಂಡಿಯಾದ ಟಿಕೆಟ್ ಎಂದು ಕೊಂಡರೂ ಒಂದು ಹಂತದ ವಿಮಾನ ಬೇರೆಯವರದೇ ಇರುವುದುಂಟು. ಟಿಕೆಟಿನ ಮೇಲೆ ಯಾರ ವಿಮಾನ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ಓದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಹಿರಿಯರು ಕಲಿಸಿದರು. ಈಗ ಹಾಸಿಗೆಯನ್ನೇ ಇಂಚಿನ ಲೆಕ್ಕದಲ್ಲಿ ಕತ್ತರಿಸಿ ಮಾರುವ ಕಾಲ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಶುರು ಮಾಡಿದಾಗ ಸೀಟಿಗೆ ನಂಬರೇ ಇರಲಿಲ್ಲ. ಮೊದಲು ಹತ್ತಿದವರಿಗೆ ಕಿಟಕಿ, ಥೇಟ್ ನಮ್ಮ ಬಸ್‌ಸ್ಟ್ಯಾಂಡಿನ ಪದ್ಧತಿ. ಟವೆಲ್ ಹಾಸಿ ಸೀಟು ಹಿಡಿಯುವುದೊಂದು ಬಾಕಿ ಇತ್ತು. ಅಮೆರಿಕದ ಸೌತ್‌ವೆಸ್ಟ್ ಕಂಪನಿ ದಶಕಗಟ್ಟಲೆ ಹೀಗೇ ನಡೆಸಿ, 2026ರ ಜನವರಿ 27ರಂದು ಅದನ್ನು ಬಿಟ್ಟಿತು. ಈಗ ಅಲ್ಲಿಯೂ ಸೀಟಿಗೆ ನಂಬರು, ಕಾಲಿನ ಜಾಗಕ್ಕೆ ಬೇರೆ ರೇಟು. ನಮ್ಮಲ್ಲಿ ಏರ್ ಇಂಡಿಯಾ ತನ್ನ ಹಳೆಯ ಏ320 ನಿಯೋ ವಿಮಾನಗಳ ಒಳಗನ್ನು ಬಿಚ್ಚಿ ಹೊಸದಾಗಿ ಕೂಡಿಸಲು 2024ರಲ್ಲಿ ಕೈಹಾಕಿತು. ಹೊಸ ಲೆಕ್ಕದಲ್ಲಿ ಬಿಸಿನೆಸ್ 8, ಪ್ರೀಮಿಯಂ ಎಕಾನಮಿ 24, ಎಕಾನಮಿ 132. ಈ 24 ಸೀಟುಗಳ ದೊಡ್ಡ ಹೆಗ್ಗಳಿಕೆ ಏನೆಂದರೆ ಕಾಲಿಗೆ ಹೆಚ್ಚು ಜಾಗ. ಸೀಟಿಗೆಂದು ಒಂದಿಷ್ಟು ಕೊಟ್ಟರೆ ಸಿಗುತ್ತಿದ್ದ ಜಾಗ ಈಗ ಬೇರೆ ದರ್ಜೆಯೇ ಆಗಿದೆ, ಟಿಕೆಟಿನ ದರವೂ ಬೇರೆ. ಇಂಡಿಗೋ ಅದೇ ವರ್ಷ ನವೆಂಬರಿನಲ್ಲಿ ದೆಹಲಿ–ಮುಂಬಯಿ ದಾರಿಯಲ್ಲಿ ಸ್ಟ್ರೆಚ್ ಎಂದು 12 ಸೀಟು ಶುರು ಮಾಡಿತು. ಆರು ಜನ ಕೂಡುವ ಸಾಲಿನಲ್ಲಿ ನಾಲ್ಕೇ ಜನ.

ಅವರು ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ವ್ಯಾಪಾರ ಅವರದು. ನೀನು ನೆನಪಿಡಬೇಕಾದ್ದು ಇಷ್ಟೇ: ಅವರು ಪ್ರೀತಿಯಿಂದ ಕೊಟ್ಟದ್ದನ್ನು ಅವರೇ ಒಂದು ಇಮೇಲ್ ಕಳಿಸಿ ವಾಪಸ್ ತೆಗೆದುಕೊಳ್ಳಬಹುದು. ನಮ್ಮ ಯಾದಗಿರಿ ಸ್ಟೇಷನ್ನಿನಲ್ಲಿ ಇದನ್ನು ಕಂಡಿದ್ದೇವಲ್ಲ. ಅರವತ್ತು ದಾಟಿದ ಗಂಡಸರಿಗೆ ಶೇಕಡಾ 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇಕಡಾ 50 ರೈಲಿನಲ್ಲಿ ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಏರ್ ಇಂಡಿಯಾ ಹಿರಿಯರಿಗೆ ಮೂಲ ದರದಲ್ಲಿ ಅರ್ಧ ಬಿಡುತ್ತಿತ್ತು, 2022ರ ಸೆಪ್ಟೆಂಬರಿನಲ್ಲಿ ಅದನ್ನು ಕಾಲು ಭಾಗಕ್ಕೆ ಇಳಿಸಿತು. ಅವರ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಯಲ್ಲಿ ಮೊದಲು ಎಷ್ಟು ದೂರ ಹಾರಿದೆ ಎಂದು ಪಾಯಿಂಟು ಕೊಡುತ್ತಿದ್ದರು. 2024ರಲ್ಲಿ ದೂರದ ಲೆಕ್ಕ ಹೋಗಿ ರೊಕ್ಕದ ಲೆಕ್ಕ ಬಂತು. ವಿಸ್ತಾರ ಆ ವರ್ಷದ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿ ಹೋಯಿತು, ಎರಡೂ ಕಡೆಯ ಪಾಯಿಂಟಿನವರು ಈಗ ಮಹಾರಾಜ ಕ್ಲಬ್ ಎಂಬ ಒಂದೇ ಹೆಸರಿನಡಿ ಇದ್ದಾರೆ. ಅವರದಾದರೂ ಉಳಿದಿದೆ. ಬೆಂಗಳೂರಿನ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನಿಂತಾಗ ಜನ ವರ್ಷಗಟ್ಟಲೆ ಕೂಡಿಹಾಕಿದ್ದ ಕಿಂಗ್ ಕ್ಲಬ್ ಮೈಲುಗಳು ಕಿಮ್ಮತ್ತಿಲ್ಲದವಾದವು. ಪಾಯಿಂಟನ್ನು ಬ್ಯಾಂಕಿನ ಠೇವಣಿಯೆಂದು ತಿಳಿದು ಇಟ್ಟುಕೊಳ್ಳಬೇಡ. ಅದಕ್ಕೆ ಬಡ್ಡಿಯೂ ಇಲ್ಲ, ಜಾಮೀನೂ ಇಲ್ಲ. ಅವ್ವನ ಟಿಕೆಟಿಗೋ ಸೀಟಿಗೋ ಈಗಲೇ ಖರ್ಚು ಮಾಡಲು ಬಂದರೆ ಮಾಡಿಬಿಡು.

ಪಾಯಿಂಟು ನಡೆಯದಿದ್ದರೆ ರೊಕ್ಕ ಕೊಟ್ಟು ತಗೋ. ನಿನಗಲ್ಲ, ಆಕೆಗೆ. ನಿನ್ನ ಮೊಣಕಾಲಿಗೆ ಇನ್ನೂ ವಯಸ್ಸಿದೆ, ಮುದುಡಿಕೊಂಡು ಕೂತರೂ ನಡೆಯುತ್ತದೆ.

ಯಾವ ಸೀಟು ಎಂಬಲ್ಲಿ ಜನ ಎಡವುವುದು ಹೆಚ್ಚು. ನಕ್ಷೆಯಲ್ಲಿ ಕಾಲಿಗೆ ಜಾಸ್ತಿ ಜಾಗ ಎಂದು ತೋರಿಸಿದ್ದೆಲ್ಲ ಅವ್ವನಿಗೆ ಒಗ್ಗುವುದಿಲ್ಲ. ಬಾಗಿಲ ಪಕ್ಕದ ಸಾಲು, ಅಂದರೆ ತುರ್ತು ನಿರ್ಗಮನದ ಸಾಲು, ಎಲ್ಲಕ್ಕಿಂತ ಅಗಲ. ಆದರೆ ಅಲ್ಲಿ ಕೂತವರು ಅವಘಡವಾದರೆ ಬಾಗಿಲು ತೆಗೆಯಬೇಕು, ಸಿಬ್ಬಂದಿ ಹೇಳಿದ್ದು ತಿಳಿಯಬೇಕು. ಕನ್ನಡ, ಅಲ್ಪಸ್ವಲ್ಪ ನಮ್ಮ ಕಡೆಯ ಉರ್ದು ಬಿಟ್ಟರೆ ಬೇರೆ ಬಾರದ ನಿಮ್ಮವ್ವನನ್ನು ಅಲ್ಲಿಂದ ಎಬ್ಬಿಸಿಯೇ ಎಬ್ಬಿಸುತ್ತಾರೆ. ಗಾಲಿಕುರ್ಚಿ ಕೇಳಿದವರನ್ನಂತೂ ಆ ಸಾಲಿನಲ್ಲಿ ಕೂಡಿಸುವುದೇ ಇಲ್ಲ. ನಮ್ಮ ಹುಡುಗರು ಕಳಕಳಿಯಿಂದ ಎರಡನ್ನೂ ಮಾಡಿಬಿಡುತ್ತಾರೆ, ಬಾಗಿಲ ಸಾಲಿಗೆ ರೊಕ್ಕ ಕಟ್ಟಿ ಗಾಲಿಕುರ್ಚಿಗೂ ಹೆಸರು ಹಚ್ಚುತ್ತಾರೆ. ಗೇಟಿನಲ್ಲಿ ಸೀಟು ಹೋಗುತ್ತದೆ, ಕೊಟ್ಟ ರೊಕ್ಕ ಬಂದೇ ಬರುತ್ತದೆ ಎಂಬ ಭರವಸೆಯೂ ಇಲ್ಲ. ಗಾಲಿಕುರ್ಚಿ ಬೇಕೇ ಬೇಕು. ಹೈದರಾಬಾದಿನ ಶಂಶಾಬಾದ್ ನಿಲ್ದಾಣದಲ್ಲಿ ಆಕೆ ಅಷ್ಟು ದೂರ ನಡೆಯಲಾರಳು. ಹಾಗಾಗಿ ಬಾಗಿಲ ಸಾಲಿನ ಆಸೆ ಬಿಡು.

ಉಳಿದದ್ದು ಗೋಡೆಯ ಎದುರಿನ ಮೊದಲ ಸಾಲು. ಮುಂದೆ ಯಾರ ಸೀಟೂ ಬಾಗಿ ಬರುವುದಿಲ್ಲ, ನಿಜ. ಆದರೆ ಅಲ್ಲಿ ಊಟದ ಹಲಗೆ ಕೈಯಿಡುವ ತೋಳಿನೊಳಗೆ ಮಡಚಿರುತ್ತದೆ, ಆದ್ದರಿಂದ ಆ ತೋಳು ಮೇಲೆ ಏಳುವುದಿಲ್ಲ. ಸ್ವಲ್ಪ ಮೈಯಿರುವವರಿಗೆ ಸೀಟು ಬಿಗಿಯಾಗುತ್ತದೆ. ಕೈಚೀಲವನ್ನು ಕಾಲ ಬುಡದಲ್ಲಿ ಇಡಲು ಬಿಡುವುದಿಲ್ಲ, ಹತ್ತುವಾಗ ಇಳಿಯುವಾಗ ಮೇಲಿನ ಗೂಡಿಗೆ ಹಾಕಿಸುತ್ತಾರೆ. ವೈನಿಯ ಚೀಲದಲ್ಲಿ ಬಿಪಿ ಗುಳಿಗೆ, ಕನ್ನಡಕ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ, ಎಲ್ಲ ಅದರಲ್ಲೇ. ಅದು ಕಣ್ಣಿಂದ ಮರೆಯಾದರೆ ಆಕೆ ನಿದ್ದೆ ಮಾಡುವುದಿಲ್ಲ. ಗುಳಿಗೆಯನ್ನಾದರೂ ಬೇರೆ ಪುಟ್ಟ ಸಂಚಿಯಲ್ಲಿ ಕೊರಳಿಗೆ ಹಾಕಿ ಕಳಿಸಬೇಕು.

ನನ್ನನ್ನು ಕೇಳಿದರೆ ಅಗಲ ಜಾಗದ ಸಾಲುಗಳಲ್ಲಿ ಎರಡನೆಯದೋ ಮೂರನೆಯದೋ ಹಿಡಿ, ಅದೂ ನಡುದಾರಿಯ ಪಕ್ಕದ ಸೀಟು. ಇಂಚಿಗಿಂತ ಈ ದಾರಿ ಮುಖ್ಯ. ಸೀಟುಗಳ ನಡುವಿನ ಅಳತೆ ಸಾಮಾನ್ಯ ಎಕಾನಮಿಯಲ್ಲಿ 28ರಿಂದ 32 ಇಂಚು, ಹೆಚ್ಚು ಜಾಗದ್ದು ಅದಕ್ಕಿಂತ ಮೂರ್ನಾಲ್ಕು ಇಂಚು ಜಾಸ್ತಿ. ಆ ಮೂರ್ನಾಲ್ಕು ಇಂಚು ಪಡೆದು ಕಿಟಕಿಯ ಪಕ್ಕ ಕೂತಳೋ, ಸಂಕೋಚಕ್ಕೆ ಪಕ್ಕದವರನ್ನು ಎಬ್ಬಿಸದೆ, ಏಳಬಾರದೆಂದು ನೀರನ್ನೂ ಕುಡಿಯದೆ ಹದಿನಾಲ್ಕು ತಾಸು ಕಟ್ಟಿಹಾಕಿದ ಹಾಗೆ ಇರುತ್ತಾಳೆ. ನಮ್ಮ ಹೆಣ್ಣುಮಕ್ಕಳ ಜಾಯಮಾನ ನನಗೆ ಗೊತ್ತು. ನಾಲ್ಕು ತಾಸಿಗಿಂತ ಹೆಚ್ಚು ಅಲುಗಾಡದೆ ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ವಿಮಾನಕ್ಕಷ್ಟೇ ಅಲ್ಲ, ಕಾರು, ಬಸ್ಸು, ರೈಲಿಗೂ ಆ ಮಾತು ಅನ್ವಯ. ಸುರಪುರದಿಂದ ಶಹಾಪುರ, ಯಾದಗಿರಿ, ಗುರುಮಠಕಲ್ ದಾಟಿ ಶಂಶಾಬಾದ್ ಮುಟ್ಟುವಷ್ಟರಲ್ಲಿ ಆ ನಾಲ್ಕು ತಾಸು ಕಾರಿನಲ್ಲೇ ಮುಗಿದಿರುತ್ತದೆ. ದಾರಿಯಲ್ಲಿ ಎರಡು ಕಡೆ ಇಳಿಸಿ ಅಡ್ಡಾಡಿಸಲು ಡ್ರೈವರನಿಗೆ ನಾನೇ ಹೇಳುತ್ತೇನೆ. ವಿಮಾನದಲ್ಲಿ ತಾಸಿಗೊಮ್ಮೆ ಎದ್ದು ನಡೆಯಬೇಕೆಂದು ನೀನು ಹೇಳು, ಮಗ ಹೇಳಿದರೆ ಕೇಳುತ್ತಾಳೆ. ಡಾಕ್ಟರನ್ನು ಒಮ್ಮೆ ಕಾಣಿಸಿಯೇ ಕಳಿಸುತ್ತೇವೆ.

ಒಳನಾಡಿನ ಸಣ್ಣ ಹಾರಾಟಕ್ಕೆ ಇದೆಲ್ಲ ಬೇಡ. ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ನಿಲ್ದಾಣ ಶುರುವಾದಾಗ ಬೆಂಗಳೂರಿಗೆ ಹಾರಿದ ಸ್ಟಾರ್ ಏರ್‌ನ ಪುಟ್ಟ ವಿಮಾನದಲ್ಲಿ ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು. ಕಾಲು ಜೋಮು ಹಿಡಿಯುವಷ್ಟರಲ್ಲಿ ಬೆಂಗಳೂರು ಬಂದುಬಿಡುತ್ತಿತ್ತು. ಅಂಥ ಕಡೆ ಸೀಟಿಗೆ ಬೇರೆ ರೊಕ್ಕ ಚೆಲ್ಲುವುದು ದಂಡ. ಮುಂದೆ ಕೂಸನ್ನು ಕಟ್ಟಿಕೊಂಡು ಊರಿಗೆ ಬರುವಾಗಲೂ, ಮಗು ಬೇರೆ ಕಡೆ ಕೂತೀತೆಂದು ಹೆದರಿ ಸೀಟು ಕೊಳ್ಳಬೇಡ. ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಅದೇ ಬುಕಿಂಗ್‌ನ ತಂದೆಯ ಅಥವಾ ತಾಯಿಯ ಪಕ್ಕ ಕೂಡಿಸಬೇಕೆಂದು ನಮ್ಮ ದೇಶದ ವಿಮಾನಯಾನ ನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲೇ ಕಂಪನಿಗಳಿಗೆ ತಾಕೀತು ಮಾಡಿದೆ.

ಇನ್ನೊಂದು ಕೆಲಸ ನಿನ್ನ ಮೇಲಿದೆ. ಅವ್ವ ಹೊರಡುವ ಹಿಂದಿನ ದಿನ ಸೀಟಿನ ನಕ್ಷೆಯನ್ನು ಮತ್ತೆ ತೆಗೆದು ನೋಡು. ಕಂಪನಿಯವರು ವಿಮಾನ ಬದಲಿಸಿದರೆ ನೀನು ರೊಕ್ಕ ಕೊಟ್ಟ ಸಾಲೇ ಅದರಲ್ಲಿ ಇಲ್ಲದಿರಬಹುದು, ಆಕೆಯ ಹೆಸರು ಹಿಂದಿನ ಸಾಲಿನ ನಡುಸೀಟಿಗೆ ಸರಿದಿರಬಹುದು. ಫೋನಿನಲ್ಲಿ ಹೇಳುವಂಥ ಮಾತಲ್ಲ ಎಂದು ಆಕೆ ನಿನಗೆ ತಿಳಿಸುವುದೂ ಇಲ್ಲ. ಕಂಪನಿಗೆ ನೀನೇ ಫೋನ್ ಮಾಡಿ ಅಂಥದೇ ಸೀಟು ಕೇಳು, ಇಲ್ಲವೆಂದರೆ ಸೀಟಿನ ರೊಕ್ಕ ವಾಪಸ್ ಕೇಳು. ರಸೀದಿಯ ಒಂದು ಪ್ರತಿಯನ್ನು ನನಗೂ ವಾಟ್ಸಾಪ್ ಮಾಡು, ಶಂಶಾಬಾದಿನ ತನಕ ನಾನೂ ಬರುತ್ತಿದ್ದೇನೆ.