ಬಿಸಿ ತಾಗಿದರೆ ತೆರೆಯುವ ಡಬ್ಬಿ

ಮಕ್ಕಳೇ, ಒಂದು ವಿಜ್ಞಾನ ಶಿಬಿರದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು: "ಸರ್, ನಮ್ಮ ಅತ್ತೆಗೆ ಕ್ಯಾನ್ಸರ್ ಇರೋದು ಹೊಟ್ಟೆಯಲ್ಲಿ. ಔಷಧಿ ಕೊಟ್ಟರೆ ತಲೆಕೂದಲು ಯಾಕೆ ಉದುರಿತು?"

ಎಂಥ ಒಳ್ಳೆಯ ಪ್ರಶ್ನೆ! ಕ್ಯಾನ್ಸರ್ ಬಂದ ಜೀವಕೋಶಗಳು ಹತೋಟಿಯಿಲ್ಲದೆ ವಿಭಜನೆಯಾಗುತ್ತಾ ಗಡ್ಡೆ ಕಟ್ಟುತ್ತವೆ. ಹೀಗೆ ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು ಕೊಲ್ಲುವ ಔಷಧಿಗಳಿವೆ. ಡಾಕ್ಸೋರುಬಿಸಿನ್ ಅವುಗಳಲ್ಲಿ ಒಂದು. ಆದರೆ ಔಷಧಿ ರಕ್ತದ ಜೊತೆ ಮೈಯೆಲ್ಲಾ ಸುತ್ತುತ್ತದೆ. ಕೂದಲಿನ ಬೇರಿನ ಕೋಶಗಳೂ ಬೇಗ ವಿಭಜನೆಯಾಗುವಂಥವೇ. ಪಾಪ, ಅವಕ್ಕೂ ಪೆಟ್ಟು ಬೀಳುತ್ತದೆ. (ಚಿಕಿತ್ಸೆ ಮುಗಿದ ಮೇಲೆ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಅಂದ ಹಾಗೆ, ಕ್ಯಾನ್ಸರ್ ಅಂಟುರೋಗವಲ್ಲ. ಅತ್ತೆಯ ಪಕ್ಕದಲ್ಲೇ ಕುಳಿತು ಊಟ ಮಾಡಬಹುದು.)

ಔಷಧಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಗಡ್ಡೆಯ ಬಳಿ ಮಾತ್ರ ತೆರೆಯುವಂತೆ ಮಾಡಿದರೆ ಹೇಗೆ?

ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗಿರುತ್ತದೆ, ಬಿಸಿಲಿಗಿಟ್ಟರೆ ಕರಗುತ್ತದೆ ಅಲ್ಲವೇ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ನೀಡಮ್ ಮತ್ತು ಸಂಗಡಿಗರು ಇಂಥದೇ ಗುಣವಿರುವ ಕೊಬ್ಬಿನ ಪೊರೆಯಿಂದ ಪುಟ್ಟ ಡಬ್ಬಿ ಮಾಡಿದರು. ಇದಕ್ಕೆ ಲೈಪೋಸೋಮ್ ಎಂದು ಹೆಸರು. ಅಗಲ ಸುಮಾರು 100 ನ್ಯಾನೋಮೀಟರ್. ಅಂದರೆ 10,000 ಡಬ್ಬಿಗಳನ್ನು ಸಾಲಾಗಿ ಜೋಡಿಸಿದರೆ 1 ಮಿಲಿಮೀಟರ್ ಆಗುತ್ತದೆ! ನಮ್ಮ ಮೈಯ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಡಬ್ಬಿ ಮುಚ್ಚಿರುತ್ತದೆ. ಸುಮಾರು 41 ಡಿಗ್ರಿ ತಲುಪಿದರೆ ಪೊರೆ ಸಡಿಲವಾಗಿ ಔಷಧಿ ಹೊರಬರುತ್ತದೆ. ಬಿಸಿಯಿಂದ ಇನ್ನೊಂದು ಲಾಭವೂ ಇದೆ: ಗಡ್ಡೆಯ ರಕ್ತನಾಳಗಳು ಹೆಚ್ಚು ಸೋರುತ್ತವೆ, ಔಷಧಿ ಒಳಗೆ ಇಳಿಯುತ್ತದೆ.

ಇಲಿಗಳಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿತು. ಮುಂದೆ ಲಿವರ್ ಕ್ಯಾನ್ಸರ್ ಇದ್ದ 701 ಜನರಲ್ಲಿ ಪರೀಕ್ಷೆ ನಡೆಯಿತು. ಎಲ್ಲರ ಗಡ್ಡೆಗೂ ಸೂಜಿಯ ಮೂಲಕ ಶಾಖ ಕೊಟ್ಟರು. ಅರ್ಧದಷ್ಟು ಜನರಿಗೆ ಡಬ್ಬಿಯ ಔಷಧಿಯನ್ನೂ ಕೊಟ್ಟರು. 2013ರಲ್ಲಿ ಫಲಿತಾಂಶ ಬಂತು. ಡಬ್ಬಿಯಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ! ಆಮೇಲಿನ ಇನ್ನೊಂದು ಪರೀಕ್ಷೆಯಲ್ಲೂ ಹಾಗೆಯೇ ಆಯಿತು.

ಗಡ್ಡೆಯೊಂದನ್ನೇ, ಬೇಕಾದಷ್ಟೇ ಬಿಸಿ ಮಾಡುವುದು ಸುಲಭವಲ್ಲ. ಇದಕ್ಕೆ ರೈಸ್ ವಿಶ್ವವಿದ್ಯಾಲಯದ ನವೋಮಿ ಹಾಲಾಸ್ ಮತ್ತು ಜೆನಿಫರ್ ವೆಸ್ಟ್ ಹಿಡಿದದ್ದು ಬೇರೆ ದಾರಿ. ಅವರು ನ್ಯಾನೋ ಗಾತ್ರದ ಸಿಲಿಕಾ ಗುಂಡುಗಳಿಗೆ ಚಿನ್ನದ ಲೇಪ ಕೊಟ್ಟರು. ಈ ಗುಂಡುಗಳು ಗಡ್ಡೆಯೊಳಗೆ ಸೇರಿದ ಮೇಲೆ ಅವಕೆಂಪು ಬೆಳಕು ಬಿಟ್ಟರೆ, ಚಿನ್ನ ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದ್ದ 16 ಜನರಲ್ಲಿ ಮಾಡಿದ ಮೊದಲ ಪರೀಕ್ಷೆಯ ವಿವರ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಬಳಸಿದ್ದು ಶಾಖವನ್ನು ಮಾತ್ರ. ಇಂಥ ಚಿನ್ನದ ಕಣಗಳಿಗೆ ಔಷಧಿಯನ್ನೂ ಸೇರಿಸಿ ಎರಡೂ ಕೆಲಸ ಮಾಡಿಸುವ ಪ್ರಯೋಗಗಳು ಹೆಚ್ಚಾಗಿ ಇಲಿಗಳಲ್ಲಿಯೇ ನಡೆದಿವೆ.

ಮಾಡಿ ನೋಡಿ: ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಬೆರಳಿಗೆ ಒತ್ತಿ ಹಿಡಿಯಿರಿ. (ಲೇಸರ್ ಬೇಡ.) ಬೆರಳು ಕೆಂಪಗೆ ಹೊಳೆಯುತ್ತದೆ. ಬೇರೆ ಬಣ್ಣಗಳನ್ನು ಹೆಚ್ಚಾಗಿ ರಕ್ತ ಹೀರಿಕೊಳ್ಳುತ್ತದೆ, ಕೆಂಪು ಹಾದುಬರುತ್ತದೆ. ಅವಕೆಂಪು ಇನ್ನೂ ಸ್ವಲ್ಪ ಆಳಕ್ಕೆ ಹೋಗುತ್ತದೆ. ಈಗ ಟಾರ್ಚನ್ನು ತೊಡೆಗೆ ಒತ್ತಿ ಹಿಡಿಯಿರಿ. ಆಚೆ ಬದಿಯಲ್ಲಿ ಬೆಳಕು ಬಂತೇ? ಪ್ರಯೋಗದ ಇಲಿಯ ಗಡ್ಡೆ ಸಾಮಾನ್ಯವಾಗಿ ಚರ್ಮದ ಕೆಳಗೇ ಇರುತ್ತದೆ. ಆ ಹುಡುಗಿಯ ಅತ್ತೆಯ ಗಡ್ಡೆ ಇದ್ದದ್ದು ಹೊಟ್ಟೆಯ ಆಳದಲ್ಲಿ.