ಮರಗಳ ಗಾಯಗಳೂ ಅವುಗಳ ಆರೈಕೆಯೂ

ಹುಣಿಸೆ, ಹಲಸು, ಮಾವು ಮುಂತಾದ ಮರಗಳು ಫಲಕ್ಕೆ ಬರಬೇಕಾದರೆ ಅನೇಕ ವರ್ಷಗಳು ಹಿಡಿಯುತ್ತವೆ; ಒಮ್ಮೆ ಫಲಕ್ಕೆ ಬಂದರೆ ಎರಡು ಮೂರು ತಲೆಮಾರುಗಳವರೆಗೆ ಕುಟುಂಬಕ್ಕೆ ಆದಾಯವನ್ನು ಕೊಡುತ್ತವೆ. ಕೊಡಲಿಯ ಕಚ್ಚು, ಗಾಡಿಯ ತಿಕ್ಕಾಟ, ದನ ಕಟ್ಟಿದ ಹಗ್ಗದ ಉಜ್ಜು, ಬುಡದಲ್ಲಿ ತರಗಿಗೆ ಹಾಕಿದ ಬೆಂಕಿ, ಇವುಗಳಿಂದಾದ ಗಾಯವು ಆ ದಿನ ಅಲ್ಪವಾಗಿ ಕಂಡರೂ, ಹತ್ತಿಪ್ಪತ್ತು ವರ್ಷಗಳ ತರುವಾಯ ಮರವು ಟೊಳ್ಳಾಗಿ ಗಾಳಿಗೆ ಮುರಿದು ಬೀಳುವುದಕ್ಕೆ ಕಾರಣವಾಗಬಹುದು. ಮರವು ಗುಂಡುತೋಪಿನಲ್ಲಾಗಲಿ ಸಂತೆಯ ಮಾಳದಲ್ಲಾಗಲಿ ಇದ್ದರೆ ಜನರ ಪ್ರಾಣಕ್ಕೂ ಅಪಾಯವುಂಟು. ಆದಕಾರಣ ಗಾಯವಾದಾಗ ಮರದಲ್ಲಿ ಏನು ನಡೆಯುತ್ತದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಮರದ ಗಾಯವು ಮಾಯುವುದಿಲ್ಲ

ದನಕರುಗಳ ಮೈಮೇಲೆ ಗಾಯವಾದರೆ ಕೆಟ್ಟ ಮಾಂಸದ ಸ್ಥಳದಲ್ಲಿಯೇ ಹೊಸ ಮಾಂಸವು ಬೆಳೆದು ಗಾಯವು ಮಾಯುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಒಳಗಿನ ಕಾಷ್ಠವು ಒಮ್ಮೆ ಕೆಟ್ಟರೆ ಆ ಸ್ಥಳದಲ್ಲಿ ಹೊಸದು ಹುಟ್ಟದು. ತೊಗಟೆಗೂ ಕಾಷ್ಠಕ್ಕೂ ನಡುವೆ ಇರುವ ಒಂದು ತೆಳುವಾದ ಪೊರೆ ಮಾತ್ರ ಹೊರಮೈಯಲ್ಲಿ ಹೊಸ ಪದರಗಳನ್ನು ಕಟ್ಟುತ್ತ ಹೋಗುತ್ತದೆ. ಗಾಯದ ಅಂಚಿನಿಂದ ತುಟಿಯಂತೆ ಉಬ್ಬಿ ಬಂದು ಗಾಯವನ್ನು ಮುಚ್ಚುವುದು ಈ ಹೊಸ ಪದರವೇ. ಅದು ಮುಚ್ಚುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಹಳೆಯ ಗಾಯವು ಒಳಗೇ ಉಳಿದಿರುತ್ತದೆ.

ಗಾಯದ ಮೂಲಕ ಅಣಬೆಯ ಜಾತಿಯ ಸೂಕ್ಷ್ಮ ಜೀವಿಗಳು ಒಳಹೊಕ್ಕು ಕಾಷ್ಠವನ್ನು ಕೊಳೆಯಿಸುತ್ತವೆ. ಅಮೆರಿಕಾ ಸಂಯುಕ್ತ ಸಂಸ್ಥಾನದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ಸಸ್ಯರೋಗ ಶಾಸ್ತ್ರಜ್ಞರು ಬಹುಸಂಖ್ಯೆಯ ಮರಗಳನ್ನು ಯಂತ್ರಗರಗಸದಿಂದ ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರವು ಈ ಕೊಳೆಯನ್ನು ಹೇಗೆ ತಡೆಯುತ್ತದೆಂಬುದನ್ನು 1977ರಲ್ಲಿ ವಿವರಿಸಿದರು. ಕೆರೆಯ ನೀರು ಒಂದು ಗದ್ದೆಗೆ ನುಗ್ಗಿದಾಗ ರೈತನು ಸುತ್ತಲ ಬದುಗಳನ್ನು ಎತ್ತರಿಸಿ ಮಿಕ್ಕ ಗದ್ದೆಗಳನ್ನು ಕಾಪಾಡುವಂತೆ, ಮರವು ಕೆಟ್ಟ ಭಾಗದ ಸುತ್ತಲೂ ತಡೆಗಳನ್ನು ಕಟ್ಟುತ್ತದೆ. ಇವು ನಾಲ್ಕು ಬಗೆ. ಮೊದಲನೆಯದು ನೀರು ಹರಿಯುವ ನಾಳಗಳನ್ನು ಮೇಲೆ ಕೆಳಗೆ ಮುಚ್ಚುವುದು. ಎರಡನೆಯದು ತಿರುಳಿನ ಕಡೆಗೆ ಹರಡುವುದನ್ನೂ, ಮೂರನೆಯದು ಪಕ್ಕಗಳಿಗೆ ಹರಡುವುದನ್ನೂ ತಡೆಯುವುದು. ನಾಲ್ಕನೆಯದು ಗಾಯವಾದ ಮೇಲೆ ಹುಟ್ಟುವ ಹೊಸ ಪದರವನ್ನು ಹಳೆಯದರಿಂದ ಬೇರ್ಪಡಿಸುವುದು. ಮೊದಲನೆಯದು ಎಲ್ಲಕ್ಕಿಂತ ದುರ್ಬಲವಾದುದರಿಂದ ಕೊಳೆಯು ಕಂಬದಂತೆ ಉದ್ದಕ್ಕೆ ಹರಡುತ್ತದೆ. ನಾಲ್ಕನೆಯದು ಅತ್ಯಂತ ಬಲವಾದುದು. ಒಳಗೆ ಟೊಳ್ಳಾದ ಹುಣಿಸೆಯ ಮರವು ಹೊರಗೆ ಹಸುರಾಗಿ ಕಾಯಿ ಬಿಡುತ್ತಿರುವುದು ಈ ತಡೆಯ ಬಲದಿಂದಲೇ.

ಕೊಂಬೆಯನ್ನು ಕೊಯ್ಯುವ ಕ್ರಮ

ಕೊಂಬೆಯು ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳೊಂದಿರುತ್ತದೆ. ಕೊಳೆಯನ್ನು ತಡೆಯುವ ಶಕ್ತಿಯು ಅಲ್ಲಿ ಹೆಚ್ಚು. ಅಂದವಾಗಿ ಕಾಣಲೆಂದು ಕಾಂಡಕ್ಕೆ ಸಮನಾಗಿ ಕೊಯ್ದರೆ ಈ ಕೊರಳೇ ಹೋಗಿ ಕೊಳೆಯು ಕಾಂಡಕ್ಕೆ ಇಳಿಯುತ್ತದೆ. ಉದ್ದವಾದ ಮೋಟನ್ನು ಬಿಟ್ಟರೂ ಅದು ಒಣಗಿ, ಕೊಳೆಗೆ ಆಹಾರವಾಗುತ್ತದೆ, ಗಾಯವೂ ಮುಚ್ಚುವುದಿಲ್ಲ. ಕೊರಳಿನ ಹೊರ ಅಂಚಿನಲ್ಲಿ ಕೊಯ್ಯುವುದೇ ಸರಿಯಾದ ಕ್ರಮ.

ದೊಡ್ಡ ಕೊಂಬೆಯನ್ನು ಮೂರು ಸಾರಿ ಕೊಯ್ಯಬೇಕು. ಮೊದಲು ಕಾಂಡದಿಂದ ಸುಮಾರು ಒಂದು ಅಡಿ ದೂರದಲ್ಲಿ ಕೆಳಗಿನಿಂದ ಮೂರರಲ್ಲೊಂದು ಭಾಗದವರೆಗೆ ಗರಗಸ ಹಾಕಬೇಕು. ಎರಡನೆಯದಾಗಿ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಕೆಡವಬೇಕು. ಕಡೆಗೆ ಉಳಿದ ಮೋಟನ್ನು ಕೊರಳಿನ ಹೊರಗೆ ಕೊಯ್ಯಬೇಕು. ಹೀಗೆ ಮಾಡದಿದ್ದರೆ ಬೀಳುವ ಕೊಂಬೆಯು ಕಾಂಡದ ತೊಗಟೆಯನ್ನು ಸೀಳಿಕೊಂಡು ಹೋಗುವುದುಂಟು. ಮಚ್ಚಿನಿಂದ ಕೊಚ್ಚಬಾರದು. ಜಡಿಮಳೆಯ ದಿನಗಳನ್ನು ಬಿಟ್ಟು ಒಣ ಹವೆಯಲ್ಲಿ ಈ ಕೆಲಸವನ್ನು ಮಾಡತಕ್ಕದ್ದು.

ಲೇಪಗಳ ವಿಚಾರ

ಗಾಯಕ್ಕೆ ಲೇಪ ಹಾಕುವ ಪದ್ಧತಿಯು ಬಹಳ ಹಳೆಯದು. ಇಂಗ್ಲೆಂಡಿನ ಅರಸನ ತೋಟಗಾರನಾಗಿದ್ದ ವಿಲಿಯಂ ಫೊರ್ಸೈತನು 1791ರಲ್ಲಿ ಸಗಣಿ, ಸುಣ್ಣದ ಗಾರೆಪುಡಿ, ಬೂದಿ, ಮರಳು ಇವುಗಳ ಲೇಪವೊಂದನ್ನು ಪ್ರಕಟಿಸಿ ಅದರಿಂದ ಗಾಯವು ವಾಸಿಯಾಗುವುದೆಂದು ಹೇಳಿದನು. ಅದನ್ನು ಒಪ್ಪದವರೂ ಇದ್ದರು. ಡಾಮರು, ಬಣ್ಣ ಮುಂತಾದ ಲೇಪಗಳು ಕೊಳೆಯನ್ನು ತಡೆಯಲಾರವೆಂದು ಶೈಗೋ ಮೊದಲಾದವರ ಪರೀಕ್ಷೆಗಳು ತೋರಿಸಿವೆ. ಬಿರುಕುಬಿಟ್ಟ ಲೇಪದ ಕೆಳಗೆ ತೇವವು ನಿಂತು ಕೊಳೆಗೆ ಅನುಕೂಲವಾಗುವುದೂ ಉಂಟು. ಟೊಳ್ಳಿಗೆ ಸಿಮೆಂಟು ತುಂಬುವುದೂ ನೀರು ಹೋಗಲೆಂದು ರಂಧ್ರ ಕೊರೆಯುವುದೂ ಹಾನಿಕರ. ಇವುಗಳಿಂದ ಮರವೇ ಕಟ್ಟಿಕೊಂಡ ತಡೆಯು ಒಡೆದುಹೋಗುತ್ತದೆ.

ಆದರೆ ನಿರ್ದಿಷ್ಟ ರೋಗಕ್ಕೆ ಔಷಧ ಹಚ್ಚುವ ಮಾತು ಬೇರೆ. ತೆಂಗಿನ ಕಾಂಡ ಸೋರುವ ರೋಗದಲ್ಲಿ ಕೆಟ್ಟ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಬೋರ್ಡೋ ಮುಲಾಮನ್ನು ಹಚ್ಚುವುದುಂಟು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರು ನೀರು ಇದರ ಪ್ರಮಾಣ. ಮಾವಿನ ಕಾಂಡದಲ್ಲಿ ರಂಧ್ರವಿದ್ದು ಹೊಟ್ಟು ಉದುರುತ್ತಿದ್ದರೆ ಕಾಂಡಕೊರಕ ಹುಳುವಿದೆಯೆಂದು ತಿಳಿದು ಕೊಕ್ಕೆತಂತಿಯಿಂದ ಅದನ್ನು ಹೊರತೆಗೆಯಬೇಕು.

ತೆಂಗು, ಅಡಿಕೆ

ಇವುಗಳ ಕಾಂಡದಲ್ಲಿ ಮೇಲೆ ಹೇಳಿದ ಬೆಳೆಯುವ ಪೊರೆಯೇ ಇಲ್ಲ. ಆದ್ದರಿಂದ ಹತ್ತುವುದಕ್ಕಾಗಿ ತೆಂಗಿನಲ್ಲಿ ಕಡಿದ ಕಚ್ಚು ಎಂದಿಗೂ ಮುಚ್ಚುವುದಿಲ್ಲ. ಅಡಿಕೆಯ ಎಳೆ ಕಾಂಡವು ನೈರುತ್ಯದ ಬಿಸಿಲಿಗೆ ಬೆಂದು ಬಿರಿಯದಂತೆ ಹಾಳೆ ಕಟ್ಟುವುದು ಅಥವಾ ಸುಣ್ಣ ಬಳಿಯುವುದು ಉತ್ತಮ.

ಗಮನದಲ್ಲಿಡತಕ್ಕ ಅಂಶಗಳು

(1) ತೊಗಟೆ ಸುಲಿದರೆ ಸಡಿಲವಾದುದನ್ನಷ್ಟೇ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಜೀವವಿರುವ ತೊಗಟೆಯನ್ನು ಮುಟ್ಟಬಾರದು. ಆಗತಾನೆ ಸುಲಿದು ಹಸಿಯಾಗಿರುವ ತೊಗಟೆಯನ್ನು ಅಲ್ಲಿಯೇ ಒತ್ತಿ ಕಟ್ಟಿದರೆ ಕೂಡಿಕೊಳ್ಳುವುದುಂಟು.

(2) ಕಾಂಡದ ಸುತ್ತಲೂ ತೊಗಟೆ ಹೋದರೆ ಎಲೆಯಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯದೆ ಮರವು ಸಾಯುತ್ತದೆ. ಆದುದರಿಂದ ತಂತಿಯನ್ನು ಸುತ್ತಿ ಬಿಗಿಯಬಾರದು, ಮೊಳೆ ಹೊಡೆಯಬಾರದು.

(3) ದನಗಳಿಗೆ ಬೇರೆ ಗೂಟವನ್ನು ನೆಡಬೇಕು. ಬುಡದಲ್ಲಿ ಬೆಂಕಿ ಹಾಕಬಾರದು.

(4) ಗಾಯಗೊಂಡ ಮರಕ್ಕೆ ಬೇಸಗೆಯಲ್ಲಿ ನೀರನ್ನೂ ಬುಡಕ್ಕೆ ತರಗಿನ ಹೊದಿಕೆಯನ್ನೂ ಒದಗಿಸಬೇಕು. ತಡೆಗಳನ್ನು ಕಟ್ಟುವುದಕ್ಕೆ ಮರಕ್ಕೆ ಶಕ್ತಿಯು ಬೇಕು; ಆ ಶಕ್ತಿಯನ್ನು ಉಳಿಸಿಕೊಡುವುದೇ ರೈತನಿಂದಾಗುವ ನಿಜವಾದ ಚಿಕಿತ್ಸೆ.