ಗಾಡಿ ಆರಾಮವಾಗಿದ್ದರೆ ಚಾಲಕ ದಣಿಯುವುದಿಲ್ಲವೇ?

ನಮ್ಮ ಅಬ್ಬಾ ಬಾಡಿಗೆ ಕಾರು ಓಡಿಸುತ್ತಾರೆ. ದೂರದ ಟ್ರಿಪ್ ಮುಗಿಸಿ ಬಂದಾಗ ದಣಿವಾಯಿತೇ ಎಂದು ಕೇಳಿದರೆ, "ಗಾಡಿ ಆರಾಮಾಗಿದೆ, ದಣಿವು ಎಲ್ಲಿಂದ ಬರುತ್ತೆ?" ಎನ್ನುತ್ತಾರೆ. ಇದು ನಿಜವೇ ಎಂದು ಹುಡುಕಿದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಆರಾಮವನ್ನು ಅಳೆಯುವುದು ಹೇಗೆ?

ಸೀಟಿನ ಮೇಲೆ ವೇಗೋತ್ಕರ್ಷ ಅಳೆಯುವ ಸಾಧನ ಇಡುತ್ತಾರೆ. ಸೀಟು ಮೇಲೆ ಚಿಮ್ಮಿದಾಗ +1, ಕೆಳಗೆ ಕುಸಿದಾಗ -1 ಬಂದರೆ ಸರಾಸರಿ ಸೊನ್ನೆ. ಅಂದರೆ ಕುಲುಕೇ ಇಲ್ಲ ಎಂದಂತಾಯಿತು! ಆದ್ದರಿಂದ ಪ್ರತಿ ಅಂಕಿಯನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯುತ್ತಾರೆ. ನಾವು ಸಂಖ್ಯಾಶಾಸ್ತ್ರದಲ್ಲಿ ಮಾನಕ ವಿಚಲನೆ ಕಂಡುಹಿಡಿಯುವ ದಾರಿಯೇ ಇದು. ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಕಂಪನ ದೇಹಕ್ಕೆ ಹೆಚ್ಚು ತಟ್ಟುತ್ತದೆ. ಅದಕ್ಕೆ ಹೆಚ್ಚು ತೂಕ ಕೊಡುತ್ತಾರೆ. 1997ರ ಐಎಸ್‌ಒ 2631 ಮಾನದಂಡದ ಪ್ರಕಾರ ಉತ್ತರ 0.315 ಮೀ/ಸೆ²ಗಿಂತ ಕಡಿಮೆ ಇದ್ದರೆ ಪ್ರಯಾಣ ಆರಾಮ. 2 ದಾಟಿದರೆ ತೀರಾ ಕಷ್ಟ.

ದಣಿವನ್ನು ಅಳೆಯುವುದು ಹೇಗೆ?

ಇದೇ ಮಾನದಂಡದ 1974ರ ಆವೃತ್ತಿಯಲ್ಲಿ ಕಂಪನದಿಂದ ಬರುವ ದಣಿವಿಗೂ ಒಂದು ಮಿತಿ ಇತ್ತು. ಸಾಕಷ್ಟು ಆಧಾರವಿಲ್ಲವೆಂದು 1997ರಲ್ಲಿ ಅದನ್ನು ಕೈಬಿಟ್ಟರು. ಅಂದರೆ ಆರಾಮ ಮತ್ತು ದಣಿವು ಬೇರೆ ಬೇರೆ ಖಾತೆಗಳು. ದಣಿವಿಗೆ ಬೇರೆ ಅಳತೆಗಳಿವೆ: ನಿದ್ದೆ ಎಷ್ಟು ಬರುತ್ತಿದೆ ಎಂದು 1ರಿಂದ 9ರವರೆಗೆ ಅಂಕ ಕೇಳುವ ಕರೋಲಿನ್‌ಸ್ಕಾ ಮಾಪಕ, ಪ್ರತಿಕ್ರಿಯೆಯ ಸಮಯ, ರೆಪ್ಪೆ ಮುಚ್ಚಿರುವ ಸಮಯ.

ಪ್ರಯಾಣಿಕನಿಗೆ ದಣಿವಾದರೆ ಮಲಗುತ್ತಾನೆ. ಚಾಲಕನ ಕಣ್ಣು, ಕೈ, ಗಮನ ಮಾತ್ರ ದುಡಿಯುತ್ತಲೇ ಇರುತ್ತವೆ. ನೇರ ರಸ್ತೆಯಲ್ಲಿ ಒಂದೇ ಸಮನೆ ಬರುವ ಮೆಲ್ಲನೆಯ ಕಂಪನ ಅವನಿಗೂ ಜೋಂಪು ತರಬಹುದು.

ಮನೆಯಲ್ಲಿ ಮಾಡಿದ ಪ್ರಯೋಗ

30 ಸೆಂ.ಮೀ. ಸ್ಕೇಲನ್ನು ನಾನು ಮೇಲಿನಿಂದ ಬಿಟ್ಟೆ, ಅಬ್ಬಾ ಬೆರಳುಗಳಿಂದ ಹಿಡಿದರು. ಐದೈದು ಸಲದ ಸರಾಸರಿ, ಬೆಳಿಗ್ಗೆ ಹೊರಡುವ ಮೊದಲು 18 ಸೆಂ.ಮೀ., ರಾತ್ರಿ ಬಂದ ಮೇಲೆ 24 ಸೆಂ.ಮೀ. ಬೀಳುವ ವಸ್ತುವಿನ ಸೂತ್ರದಂತೆ ಇದು 0.19 ಮತ್ತು 0.22 ಸೆಕೆಂಡ್. ವ್ಯತ್ಯಾಸ ಸಣ್ಣದು. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಅಷ್ಟರಲ್ಲಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಒಬ್ಬರ ಒಂದು ದಿನದ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಆ ರಾತ್ರಿ ಅಬ್ಬಾ "ದಣಿವಿಲ್ಲ" ಎಂದೇ ಹೇಳಿದ್ದರು.

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ಸ್ವಂತ ಗಾಡಿ ಓಡಿಸುವವರಿಗೆ ಇದನ್ನು ನೆನಪಿಸುವವರು ಮನೆಯವರೇ. ನಿಮ್ಮ ಮನೆಯಲ್ಲೂ ಚಾಲಕರಿದ್ದರೆ ಒಂದು ಸ್ಕೇಲ್ ತೆಗೆದುಕೊಂಡು ನೋಡಿ.